ಕುತ್ತಿಗೆಯ ಗಂಟು

ಮೆಣಸು ಕೊಯ್ಯುವ ಕಾಲ ಬಂತೆಂದರೆ ನಮ್ಮ ತೋಟಕ್ಕೆ ಮಾವ ಬರಲೇಬೇಕಿತ್ತು. ಸ್ವಂತ ಮಾವ ಅಲ್ಲ, ಪಕ್ಕದ ಮನೆಯವರು. ಹುಟ್ಟಿದಾಗಿನಿಂದ ಹಾಗೇ ಕರೆದು ಅಭ್ಯಾಸ. ಬಿದಿರಿನ ಒಂಟಿ ಏಣಿಯನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಸರಸರ ಹತ್ತಿಬಿಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ನೆರಳಿನ ಮರ ಕಪಾತು ಮಾಡುವುದಕ್ಕೂ ಅವರೇ. ಕೆಳಗೆ ನಿಂತು ನೋಡಿದರೆ ನನಗೆ ತಲೆ ತಿರುಗುತ್ತಿತ್ತು.

ಅಂಥ ಮನುಷ್ಯ ಮೂರು ವರ್ಷದಲ್ಲಿ ಕರಗಿಹೋದರು. ಮೊದಲು ಕುತ್ತಿಗೆಯ ಎರಡೂ ಬದಿ ಅಡಿಕೆ ಗಾತ್ರದ ಗಂಟುಗಳು ಎದ್ದವು. ಟವೆಲ್ ಸುತ್ತಿಕೊಂಡು ಓಡಾಡುತ್ತಿದ್ದರು. ಆಮೇಲೆ ಬಿಟ್ಟು ಬಿಟ್ಟು ಜ್ವರ, ಭೇದಿ. ಬಾಯೊಳಗೆಲ್ಲ ಬೆಳ್ಳಗೆ ಹುಣ್ಣು, ಗಂಜಿಯೂ ಇಳಿಯುತ್ತಿರಲಿಲ್ಲ. ಕೊನೆಗೆ ಟಿಬಿ. 2003ರ ಮಳೆಗಾಲದಲ್ಲಿ ತೀರಿಕೊಂಡರು. ನನಗೆ ಆಗ ಹತ್ತು ವರ್ಷ. ಊರಿನವರು ದನಿ ತಗ್ಗಿಸಿ ಹೇಳಿಕೊಳ್ಳುತ್ತಿದ್ದ ಎರಡಕ್ಷರದ ಹೆಸರು ನನ್ನ ಕಿವಿಗೂ ಬಿದ್ದಿತ್ತು: ಏಡ್ಸ್.

ಅವರಿಗೆ ಅದು ಹೇಗೆ ಬಂತು ಅನ್ನುವುದನ್ನು ಊರೆಲ್ಲ ಮಾತಾಡಿತು. ನಾನು ಅದನ್ನು ಬರೆಯುವುದಿಲ್ಲ. ನನ್ನ ತಲೆಯಲ್ಲಿ ಕೂತದ್ದು ಬೇರೆ ಪ್ರಶ್ನೆ. ಅಷ್ಟು ಎತ್ತರದ ಮರ ಹತ್ತುತ್ತಿದ್ದವರಿಗೆ ಒಂದು ಕೊಡ ನೀರು ಎತ್ತಲು ಆಗದ ಹಾಗೆ ಮಾಡಿದ್ದು ಏನು? ಕಣ್ಣಿಗೆ ಕಾಣದ ಒಂದು ವೈರಸ್ ಮೂರು ವರ್ಷ ಒಳಗೆ ಕೂತು ಏನು ಮಾಡುತ್ತಿತ್ತು? ಮಾವನ ಹೆಂಡತಿ, ನಾನು ಅತ್ತೆ ಎಂದೇ ಕರೆಯುವವರು, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ ಎಂದರು. ಸೋಮವಾರಪೇಟೆ ಕಡೆಯ ಒಂದು ಊರು ಎಂದಷ್ಟೇ ಇರಲಿ.

ಮಡಿಕೇರಿಯಲ್ಲಿ ಡಿಗ್ರಿ ಮುಗಿಸಿ, ಚಿಕ್ಕ ಅಳುವಾರದ ಜ್ಞಾನ ಕಾವೇರಿ ಕ್ಯಾಂಪಸ್‌ನಲ್ಲಿ ಎಂಎಸ್ಸಿಗೆ ಸೇರಿದೆ. ಅಲ್ಲಿ ಒಂದು ದಿನ ಬೋರ್ಡಿನ ಮೇಲೆ ಎಚ್‌ಐವಿಯ ಚಿತ್ರ ಬಿತ್ತು. ವೈರಸ್‌ನ ಮೈಮೇಲಿನ ಜಿಪಿ120 ಎಂಬ ಪ್ರೋಟೀನ್ ನಮ್ಮ ಬಿಳಿ ರಕ್ತಕಣದ ಸಿಡಿ4 ಎಂಬ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಎರಡನೇ ಕೊಂಡಿ. ಒಳಗೆ ಹೋಗುತ್ತದೆ, ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಳ್ಳುತ್ತದೆ, ನಮ್ಮ ಡಿಎನ್‌ಎಗೆ ಹೊಲಿದುಕೊಳ್ಳುತ್ತದೆ, ಮರಿ ಹಾಕುತ್ತದೆ, ಕಣ ಸಾಯುತ್ತದೆ. ಎಲ್ಲ ಸರಿಯಾಗಿಯೇ ಕಂಡಿತು. ಆದರೆ ಪುಸ್ತಕದಲ್ಲಿ ಮುಂದಿನ ಸಾಲು ಓದಿದಾಗ ಲೆಕ್ಕ ತಪ್ಪಿತು. ರೋಗಿಯ ರಕ್ತ ತೆಗೆದು ನೋಡಿದರೆ ವೈರಸ್ ಬೆಳೆಯುತ್ತಿರುವ ಸಿಡಿ4 ಕಣಗಳು ತೀರ ಕಡಿಮೆ. ಸಾಯುವುದು ಮಾತ್ರ ಬಹುಪಾಲು ಎಲ್ಲವೂ. ಹಾಗಾದರೆ ಉಳಿದವನ್ನು ಕೊಲ್ಲುವವರು ಯಾರು?

ಆ ಒಂದು ಪ್ರಶ್ನೆ ಹಿಡಿದುಕೊಂಡು 2017ರಲ್ಲಿ ಬೆಂಗಳೂರಿನ ಒಂದು ಲ್ಯಾಬ್‌ಗೆ ಪಿಎಚ್‌ಡಿಗೆ ಸೇರಿದೆ. ಮನೆಯಲ್ಲಿ ಹೇಳಿದಾಗ ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಆ ಕಾಯಿಲೆನೇ ಮುಟ್ಟೋ ಕೆಲಸನಾ?" ಎಂದು ಕೇಳಿದರು. ಅಪ್ಪ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಕೈಗೆ ಗ್ಲೌಸ್ ಕೊಡ್ತಾರಲ್ವಾ?" ಎಂದರು.

ಗ್ಲೌಸ್ ಕೊಡುತ್ತಾರೆ, ಎರಡು ಜೊತೆ. ಆದರೆ ಅದನ್ನು ಹಾಕಿಕೊಂಡು ವೈರಸ್ ಮುಟ್ಟಲು ನನಗೆ ಆರು ತಿಂಗಳು ಬಿಡಲಿಲ್ಲ. ಮೊದಲು ಪಿಪೆಟ್ ಹಿಡಿಯುವುದು, ಮೀಡಿಯಂ ಮಾಡುವುದು, ಆಟೋಕ್ಲೇವ್ ನೋಡಿಕೊಳ್ಳುವುದು. ಜೀವಕೋಶ ಬೆಳೆಯುವ ದ್ರವಕ್ಕೆ ಆರ್‌ಪಿಎಂಐ ಎನ್ನುತ್ತಾರೆ. ಫೀನಾಲ್ ರೆಡ್ ಬಣ್ಣ ಹಾಕಿರುವುದರಿಂದ ಗುಲಾಬಿಯಾಗಿ ಇರುತ್ತದೆ. ಕೋಶಗಳು ಚೆನ್ನಾಗಿ ತಿಂದು ಹುಳಿ ಬಿಟ್ಟರೆ ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಬಣ್ಣ ನೋಡಿದರೆ ಸಾಕು, ರಾತ್ರಿ ಒಳಗೆ ಏನಾಯಿತು ಅಂತ ಗೊತ್ತಾಗುತ್ತದೆ. ಆಟಿ ಸೊಪ್ಪಿನ ಪಾಯಸಕ್ಕೆ ಬಣ್ಣ ಬಿಟ್ಟಿತೋ ಇಲ್ಲವೋ ಎಂದು ಪಾತ್ರೆಗೆ ಇಣುಕುವ ಮನೆಯಲ್ಲಿ ಬೆಳೆದವಳಿಗೆ ಈ ಕೆಲಸ ಬೇಗ ಹತ್ತಿತು.

ಆಮೇಲೆ ಮೂರನೇ ಹಂತದ ಸುರಕ್ಷತಾ ಲ್ಯಾಬ್‌ನ ತರಬೇತಿ. ಬಿಎಸ್‌ಎಲ್-3 ಅಂತ ಕರೆಯುತ್ತೇವೆ. ಎರಡು ಬಾಗಿಲು, ಒಂದು ತೆರೆದಿದ್ದರೆ ಇನ್ನೊಂದು ತೆರೆಯುವುದಿಲ್ಲ. ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಹಾಗಾಗಿ ಗಾಳಿ ಒಳಗೆ ಬರುತ್ತದೆಯೇ ಹೊರತು ಹಾಗೇ ಹೊರಗೆ ಹೋಗುವುದಿಲ್ಲ. ಬೆನ್ನಿನ ಕಡೆ ಕಟ್ಟುವ ಗೌನ್, ಮಾಸ್ಕ್, ಶೂ ಮೇಲೊಂದು ಕವರ್. ಗಾಜಿನ ಸಾಮಾನು ಒಳಗೆ ತರುವಂತಿಲ್ಲ, ಸೂಜಿ ಸಾಧ್ಯವಾದಷ್ಟೂ ಬೇಡ. ಒಬ್ಬರೇ ಹೋಗುವಂತಿಲ್ಲ. ಮೊದಲ ಹತ್ತು ದಿನ ನನ್ನ ಕೈಗೆ ಕೊಟ್ಟದ್ದು ವೈರಸ್ ಅಲ್ಲ, ಮಿನುಗುವ ಬಣ್ಣದ ನೀರು. ಕೆಲಸ ಮುಗಿದ ಮೇಲೆ ದೀಪ ಆರಿಸಿ ನೇರಳಾತೀತ ಬೆಳಕು ಹಾಯಿಸಿದರು. ನನ್ನ ಎಡಗೈ ಗ್ಲೌಸ್ ಮೇಲೆ, ಗೌನಿನ ತೋಳಿನ ಮೇಲೆ ಹಸಿರು ಚುಕ್ಕೆಗಳು ಹೊಳೆದವು. ನಾನು ಒಂದು ಹನಿಯೂ ಚೆಲ್ಲಿಲ್ಲ ಅಂತ ನಂಬಿದ್ದೆ. ಚುಕ್ಕೆ ಒಂದೂ ಕಾಣದಿರುವ ತನಕ ಒಳಗೆ ಬಿಡಲಿಲ್ಲ.

ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕು ಅನ್ನುವುದನ್ನೂ ಹೇಳಿಕೊಟ್ಟರು. ಸೋಂಕಿತ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಹತ್ತುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. 72 ಗಂಟೆಯೊಳಗೆ, ಆದಷ್ಟು ಬೇಗ ಮಾತ್ರೆ ಶುರುಮಾಡಿ 28 ದಿನ ನುಂಗಬೇಕು. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸಾವಿರಕ್ಕೆ ಮೂರು ಎಂದ ಕೂಡಲೇ ಅವರು, "ಹಾಗಾದ್ರೆ ಆ ಮನೆ ಲೋಟ ಯಾಕೆ ಬೇರೆ ಇಟ್ಟಿದ್ವಿ ನಾವು?" ಎಂದರು. ಹದಿನೈದು ವರ್ಷದ ಮೇಲೆ ಬಂದ ಪ್ರಶ್ನೆ. ಲೋಟದಿಂದ, ತಟ್ಟೆಯಿಂದ ಅದು ಬರುವುದೇ ಇಲ್ಲ. ಅವತ್ತು ಫೋನ್ ಇಟ್ಟ ಮೇಲೆ ತುಂಬ ಹೊತ್ತು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿದ್ದೆ.

ಈ ವೈರಸ್‌ನ ಚರಿತ್ರೆ ಉದ್ದದ್ದೇನಲ್ಲ. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐದು ಯುವಕರ ನ್ಯುಮೋನಿಯಾ ಬಗ್ಗೆ ಬಂದ ಪುಟ್ಟ ವರದಿ ಮೊದಲನೆಯದು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲ್ಯೂಕ್ ಮಾಂಟಾನ್ಯೇ ಅವರ ತಂಡ ವೈರಸ್ ಹಿಡಿಯಿತು. ಅವರು ಅದನ್ನು ಹಿಡಿದದ್ದು ಒಬ್ಬ ರೋಗಿಯ ಕುತ್ತಿಗೆಯ ಊದಿದ ಗಂಟಿನಿಂದ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟೆ. ಮಾವನ ಟವೆಲ್ ಕಣ್ಣಮುಂದೆ ಬಂತು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಮೊದಲು ಪತ್ತೆಮಾಡಿದರು. ಭಾರತದಲ್ಲಿ ಹೆಚ್ಚಾಗಿ ಇರುವುದು ಸಿ ಎಂಬ ಬಗೆ. ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿ ಬಿ ಬಗೆ. ಜಾಸ್ತಿ ಸಂಶೋಧನೆ ನಡೆದದ್ದು ಬಿ ಮೇಲೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಸಿ ಬಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಸಿ ಬಗೆಯ ಟ್ಯಾಟ್ ಎಂಬ ಪ್ರೋಟೀನಿನ 31ನೇ ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲ ಹೋಗಿ ಸೀರೀನ್ ಎಂಬುದು ಇದೆ, ಅದರಿಂದ ಆ ಪ್ರೋಟೀನ್ ಬಿಳಿ ರಕ್ತಕಣಗಳನ್ನು ತನ್ನ ಕಡೆ ಸೆಳೆಯುವುದು ಕಡಿಮೆ ಎಂದು 2004ರಲ್ಲಿ ಅವರು ತೋರಿಸಿದರು. ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸ. ಇದನ್ನು ಕಂಡುಹಿಡಿದದ್ದು ನಮ್ಮ ರಾಜ್ಯದಲ್ಲೇ ಅನ್ನುವುದು ಹೊಸದಾಗಿ ಸೇರಿದ ನನಗೆ ದೊಡ್ಡ ಧೈರ್ಯ.

ನನ್ನ ಕೆಲಸಕ್ಕೆ ಬರುತ್ತೇನೆ. ಸಿಡಿ4 ಕಣ ಸಾಯುವ ಬಗೆ ನೋಡಬೇಕು. ಅದಕ್ಕೆ ಮೊದಲು ಕಣ ಬೇಕು. ಲ್ಯಾಬ್‌ನ ಸ್ನೇಹಿತರೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ರಕ್ತ ಕೊಡುತ್ತಿದ್ದರು. ಫೈಕಾಲ್ ಎಂಬ ದಪ್ಪ ದ್ರವದ ಮೇಲೆ ಆ ರಕ್ತವನ್ನು ಕೊಳವೆ ಓರೆ ಮಾಡಿ ನಿಧಾನ ಇಳಿಸಬೇಕು. ಒಂದಕ್ಕೊಂದು ಬೆರೆತರೆ ಕೆಲಸ ಕೆಟ್ಟಿತು. ಆಮೇಲೆ ಅರ್ಧ ಗಂಟೆ ಯಂತ್ರದಲ್ಲಿ ಗಿರಗಿರ ತಿರುಗಿಸುವುದು. ಬ್ರೇಕ್ ಹಾಕದೆ, ತಾನಾಗಿ ನಿಲ್ಲಲು ಬಿಡಬೇಕು. ತೆಗೆದು ನೋಡಿದರೆ ಕೆಳಗೆ ಕೆಂಪು, ಮೇಲೆ ಹಳದಿ, ನಡುವೆ ಹಾಲಿನ ಕೆನೆಯಂತೆ ತೆಳ್ಳನೆ ಬಿಳಿ ಉಂಗುರ. ನಮಗೆ ಬೇಕಾದದ್ದು ಆ ಉಂಗುರ. ಅದನ್ನು ಮೇಲಿಂದ ಎತ್ತಿ, ತೊಳೆದು, ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಸಣ್ಣ ಅಯಸ್ಕಾಂತದ ಮಣಿಗಳಿಂದ ಸಿಡಿ4 ಕಣಗಳನ್ನು ಮಾತ್ರ ಆರಿಸಿಕೊಳ್ಳುವುದು.

ಆ ಕಣಗಳ ಮೇಲೆ ವೈರಸ್ ಇರುವ ದ್ರವ ಹಾಕಿದೆ. ನಾಲ್ಕು ದಿನ ಕಾದೆ. ಏನೂ ಆಗಲಿಲ್ಲ.

ಕಣಗಳು ಆರಾಮಾಗಿದ್ದವು. ವೈರಸ್ ಜಾಸ್ತಿ ಹಾಕಿದೆ. ಬೇರೆಯವರ ರಕ್ತ ತೆಗೆದುಕೊಂಡೆ. ದಿನ ಹೆಚ್ಚಿಸಿದೆ. ವೈರಸ್ ಹಾಳಾಗಿದೆಯೇನೋ ಎಂದು ಟಿಜಡ್‌ಎಂ-ಬಿಎಲ್ ಕೋಶಗಳ ಮೇಲೆ ಪರೀಕ್ಷಿಸಿದೆ. ಅವು ಸೋಂಕಾದರೆ ಬಣ್ಣ ಹಾಕಿದಾಗ ನೀಲಿಯಾಗುವ ಕೋಶಗಳು. ಸೂಕ್ಷ್ಮದರ್ಶಕದ ಕೆಳಗೆ ಎಲ್ಲೆಲ್ಲೂ ನೀಲಿ. ವೈರಸ್ ಸರಿಯಾಗೇ ಇತ್ತು. ಆದರೂ ನನ್ನ ಸಿಡಿ4 ಕಣಗಳು ಸಾಯಲೊಲ್ಲವು. ಪ್ರತಿ ಬುಧವಾರ ಗೈಡ್ ಎದುರು ಅದೇ ಗ್ರಾಫ್ ತೋರಿಸುತ್ತಿದ್ದೆ. ಅವರು ಬೈಯಲಿಲ್ಲ. "ಇನ್ನೊಂದ್ಸಲ ಮಾಡಿ" ಎನ್ನುತ್ತಿದ್ದರು. ಬೈದಿದ್ದರೇ ವಾಸಿ ಅನಿಸುತ್ತಿತ್ತು.

ಹೀಗೇ ಎಂಟು ತಿಂಗಳು ಹೋಯಿತು. ಅದರ ನಡುವೆ 2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡ ಜಾರಿದ ಸುದ್ದಿ ಬಂದಾಗ ನಾನು ಒಳಗೆ ಗೌನ್ ಹಾಕಿಕೊಂಡಿದ್ದೆ, ಫೋನ್ ಹೊರಗಿತ್ತು. ಹೊರಗೆ ಬಂದು ನೋಡಿದರೆ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮಾದಾಪುರ ಎಂದು ಹೆಸರುಗಳು. ಮನೆಗೆ ಮೂರು ದಿನ ಫೋನ್ ಸಿಗಲಿಲ್ಲ. ಕೋಶಗಳನ್ನು ಜೊತೆಗಾರಳಿಗೆ ಒಪ್ಪಿಸಿ ಕುಶಾಲನಗರದ ತನಕ ಹೋದೆ. ಮನೆಯವರು ಕ್ಷೇಮವಾಗಿದ್ದರು. ತೋಟದ ಒಂದು ಮೂಲೆ ಹೋಗಿತ್ತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ವಾಪಸು ಬಂದ ಮೇಲೆ ಒಂದು ಸಂಜೆ ಹಳೆಯ ಪ್ರಬಂಧಗಳನ್ನು ಮತ್ತೆ ಹರಡಿಕೊಂಡು ಕೂತೆ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲಾಡ್‌ಸ್ಟೋನ್ ಸಂಸ್ಥೆಯಲ್ಲಿ ವಾರ್ನರ್ ಗ್ರೀನ್ ಅವರ ತಂಡ ಬರೆದವು. 2014ರದ್ದನ್ನು ನಾನು ಕಂಠಪಾಠ ಮಾಡಿದ್ದೆ. 2015ರ ಎರಡನ್ನು ಮೇಲ್ನೋಟಕ್ಕೆ ಓದಿ ಬಿಟ್ಟಿದ್ದೆ. ಅವೆರಡರಲ್ಲೇ ನನ್ನ ಎಂಟು ತಿಂಗಳಿಗೆ ಉತ್ತರ ಇತ್ತು. ಒಂದು, ರಕ್ತದಿಂದ ತೆಗೆದ ಸಿಡಿ4 ಕಣಗಳು ಈ ಬಗೆಯ ಸಾವನ್ನು ತಡೆದುಕೊಳ್ಳುತ್ತವೆ. ಬಿಳಿ ರಕ್ತಕಣಗಳು ಗುಂಪುಗೂಡಿರುವ ಲಿಂಫ್ ಗಂಟುಗಳಲ್ಲಿ, ಟಾನ್ಸಿಲ್‌ನಲ್ಲಿ ಇರುವ ಕಣಗಳು ಸಾಯುತ್ತವೆ. ಇನ್ನೊಂದು, ದ್ರವದಲ್ಲಿ ತೇಲುವ ವೈರಸ್ ಸಾಲದು. ಸೋಂಕಾದ ಕಣ ಪಕ್ಕದ ಕಣಕ್ಕೆ ಮೈ ತಾಗಿಸಿ ವೈರಸ್ ದಾಟಿಸಬೇಕು. ಗಂಟಿನೊಳಗೆ ಕಣಗಳು ಸಂತೆಯಲ್ಲಿ ನಿಂತಂತೆ ಒತ್ತಿಕೊಂಡಿರುತ್ತವಲ್ಲ, ಅಲ್ಲಿ ಅದು ಸುಲಭ.

ನಾನು ರಕ್ತದಲ್ಲಿ ಹುಡುಕುತ್ತಿದ್ದೆ. ಸಾವು ನಡೆಯುತ್ತಿದ್ದದ್ದು ಗಂಟಿನಲ್ಲಿ. ಸಿಡಿ4 ಕಣಗಳೂ ಸೇರಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ, ರಕ್ತದಲ್ಲಿ ಓಡಾಡುವವು ನೂರಕ್ಕೆ ಎರಡರಷ್ಟು ಮಾತ್ರ ಎಂದು ಎಂಎಸ್ಸಿಯಲ್ಲೇ ಓದಿದ್ದೆ. ಓದಿದ್ದು ಕೈಗೆ ಬಂದಿರಲಿಲ್ಲ.

ಟಾನ್ಸಿಲ್ ಬೇಕೆಂದರೆ ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಪದೇಪದೇ ಗಂಟಲು ನೋವು ಬಂದು ಟಾನ್ಸಿಲ್ ತೆಗೆಸಿಕೊಳ್ಳುವವರಿಂದ, ಮಕ್ಕಳಾದರೆ ಅಪ್ಪ ಅಮ್ಮನಿಂದ, ಒಪ್ಪಿಗೆ ಪಡೆಯಬೇಕು. ನೀತಿ ಸಮಿತಿಯ ಅನುಮತಿಗೆ ಅರ್ಜಿ ಹಾಕಿ, ತಿದ್ದಿ, ಮತ್ತೆ ಹಾಕಿ ಏಳು ತಿಂಗಳು ಆಯಿತು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದವಳು ನಾನೇ. "ಬಿಸಾಡುವ ಮಾಂಸದ ತುಂಡು" ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಸಮಿತಿಯ ಹಿರಿಯರೊಬ್ಬರು ಆ ಸಾಲಿಗೆ ಕೆಂಪು ಗೆರೆ ಎಳೆದು, ಅದು ಅವರ ಮೈಯ ಭಾಗ, ಹಾಗೆ ಬರೆಯಬೇಡಿ ಎಂದರು. ಅವರು ಹೇಳಿದ್ದು ಸರಿ.

ಮೊದಲ ಟಾನ್ಸಿಲ್ ಬಂದ ದಿನ ಐಸ್ ಡಬ್ಬಿ ತೆರೆದೆ. ಮೂಗಿಗೆ ಖಾರವಾಗಿ ಹೊಡೆಯಿತು. ಫಾರ್ಮಲಿನ್. ಆಪರೇಷನ್ ಥಿಯೇಟರ್‌ನಲ್ಲಿ ಯಾರೋ ಅಭ್ಯಾಸಬಲದಿಂದ ಬಯಾಪ್ಸಿಗೆ ಹಾಕುವ ಹಾಗೆ ಅದರಲ್ಲಿ ಮುಳುಗಿಸಿಬಿಟ್ಟಿದ್ದರು. ಒಂದು ಕೋಶವೂ ಬದುಕಿರಲಿಲ್ಲ. ಎರಡನೆಯದು ಸರಿಯಾದ ದ್ರವದಲ್ಲೇ ಬಂತು, ಆದರೆ ಮೂರನೇ ದಿನ ತಟ್ಟೆಯ ತುಂಬ ಬೂಷ್ಟು. ಗಂಟಲಿನ ತುಂಡು, ಎಷ್ಟು ಔಷಧಿ ಹಾಕಿ ತೊಳೆದರೂ ಒಳಗಿನ ಮಡಿಕೆಯಲ್ಲಿ ಏನಾದರೂ ಉಳಿದಿರುತ್ತದೆ. ಮೂರನೆಯದು, ನಾಲ್ಕನೆಯದು ಕಲಿಯುವುದರಲ್ಲೇ ಹೋದವು. ಐದನೆಯದು ನಿಂತಿತು.

ಅದನ್ನು ಸಣ್ಣಗೆ ಕತ್ತರಿಸಿ, ಜರಡಿಯ ಮೇಲಿಟ್ಟು ಸಿರಿಂಜಿನ ಹಿಂಬದಿಯಿಂದ ನಿಧಾನಕ್ಕೆ ಅರೆದರೆ ಕೋಶಗಳು ಕೆಳಗಿಳಿಯುತ್ತವೆ. ಒಂದು ಟಾನ್ಸಿಲ್‌ನಲ್ಲಿ ಕೋಟಿಗಟ್ಟಲೆ ಸಿಗುತ್ತವೆ. ಅಳಗುಳಿ ಮಣೆಯ ಹಾಗೆ ಗುಳಿಗಳಿರುವ ಪ್ಲೇಟ್, 96 ಗುಳಿ. ಮೊದಲೇ ವೈರಸ್ ಬೆಳೆಯುತ್ತಿದ್ದ ಕೋಶಗಳನ್ನು, ಬಣ್ಣದ ಗುರುತು ಹಚ್ಚಿದ ಹೊಸ ಕೋಶಗಳ ಜೊತೆ ಬೆರೆಸಿ ಹಾಕಿದೆ. ಒಂದು ಸಾಲಿಗೆ ಔಷಧಿ ಇಲ್ಲ. ಎರಡನೇ ಸಾಲಿಗೆ ಎಫಾವಿರೆಂಜ್. ಅದು ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಳ್ಳುವುದನ್ನು ಶುರುವಿನಲ್ಲೇ ತಡೆಯುತ್ತದೆ. ಮೂರನೇ ಸಾಲಿಗೆ ರಾಲ್ಟೆಗ್ರಾವಿರ್. ಅದು ಡಿಎನ್‌ಎ ಆಗಲು ಬಿಡುತ್ತದೆ, ನಮ್ಮ ಡಿಎನ್‌ಎಗೆ ಹೊಲಿದುಕೊಳ್ಳಲು ಬಿಡುವುದಿಲ್ಲ. ನಾಲ್ಕನೇ ಸಾಲಿಗೆ ವಿಎಕ್ಸ್-765. ಅದು ವೈರಸ್‌ಗೆ ಏನೂ ಮಾಡುವುದಿಲ್ಲ. ನಮ್ಮದೇ ಕೋಶದೊಳಗಿನ ಕಾಸ್ಪೇಸ್-1 ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ.

2019ರ ನವೆಂಬರ್, ರಾತ್ರಿ ಒಂದೂವರೆ. ಫ್ಲೋ ಸೈಟೋಮೀಟರ್ ಕೋಣೆಯಲ್ಲಿ ನಾನು, ಜೊತೆಗಾರಳು ಇಬ್ಬರೇ. ಒಂದೊಂದು ಕೋಶವೂ ಲೇಸರ್ ಮುಂದೆ ಹಾದುಹೋದಾಗ ಪರದೆಯ ಮೇಲೆ ಒಂದು ಚುಕ್ಕೆ. ಸಿಡಿ4 ಕೋಶಗಳ ಚುಕ್ಕೆಗಳೆಲ್ಲ ಸೇರಿ ಒಂದು ಮೋಡ. ಔಷಧಿ ಇಲ್ಲದ ಸಾಲಿನಲ್ಲಿ ಆ ಮೋಡ ಹರಿದುಹೋಗಿತ್ತು. ಎಫಾವಿರೆಂಜ್ ಸಾಲಿನಲ್ಲಿ ದಟ್ಟವಾಗಿ ಇತ್ತು. "ಅಕ್ಕ, ಮೂರನೇದು ನೋಡಿ" ಎಂದಳು ಅವಳು. ರಾಲ್ಟೆಗ್ರಾವಿರ್ ಹಾಕಿದ ಸಾಲು. ಮೋಡ ಇರಲಿಲ್ಲ. ಆ ಹೊಸ ಕೋಶಗಳಲ್ಲಿ ವೈರಸ್ ನೆಲೆಯೂರಿರಲಿಲ್ಲ, ಮರಿ ಹಾಕಿರಲಿಲ್ಲ. ಆದರೂ ಸತ್ತಿದ್ದವು. ನಾಲ್ಕನೆಯದರಲ್ಲಿ, ನಮ್ಮದೇ ಕಿಣ್ವವನ್ನು ಕಟ್ಟಿಹಾಕಿದ ಕಡೆ, ಮೋಡ ಮತ್ತೆ ಬಂದಿತ್ತು.

ಆಗಿದ್ದು ಇಷ್ಟು. ವಿಶ್ರಾಂತಿಯಲ್ಲಿರುವ ಸಿಡಿ4 ಕೋಶದೊಳಗೆ ಹೋದ ವೈರಸ್‌ಗೆ ಅಲ್ಲಿ ಬೇಕಾದಷ್ಟು ಸಾಮಗ್ರಿ ಸಿಗುವುದಿಲ್ಲ. ಡಿಎನ್‌ಎ ಅರ್ಧಕ್ಕೇ ನಿಲ್ಲುತ್ತದೆ. ವೈರಸ್ ಸೋತಿತು. ಆದರೆ ಆ ಅರ್ಧಂಬರ್ಧ ಡಿಎನ್‌ಎ ತುಂಡುಗಳನ್ನು ಐಎಫ್‌ಐ16 ಎಂಬ ಕಾವಲಿನ ಪ್ರೋಟೀನ್ ಕಂಡುಹಿಡಿಯುತ್ತದೆ. ಕಳ್ಳ ಬಂದ ಎಂದು ಕೂಗುತ್ತದೆ. ಕಾಸ್ಪೇಸ್-1 ಏಳುತ್ತದೆ. ಕೋಶ ತಾನೇ ಉಬ್ಬಿ ಒಡೆದುಹೋಗುತ್ತದೆ. ಪೈರೋಪ್ಟೋಸಿಸ್ ಅಂತ ಅದಕ್ಕೆ ಹೆಸರು, ಬೆಂಕಿಯ ಸಾವು ಎನ್ನಬಹುದು. ಒಡೆದಾಗ ಉರಿಯೂತ ಎಬ್ಬಿಸುವ ಐಎಲ್-1 ಬೀಟಾ ಹೊರಗೆ ಚೆಲ್ಲುತ್ತದೆ. ಅದನ್ನು ಕಂಡು ಇನ್ನಷ್ಟು ಸಿಡಿ4 ಕೋಶಗಳು ಸಹಾಯಕ್ಕೆಂದು ಅಲ್ಲಿಗೇ ಓಡಿಬರುತ್ತವೆ. ಬಂದವೂ ಹಾಗೇ ಸಾಯುತ್ತವೆ. ಸಾಯುವ ಸಿಡಿ4 ಕೋಶಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಸಾಯುವುದು ಹೀಗೆ ಎಂದು ಆ ತಂಡ 2014ರಲ್ಲಿ ಹೇಳಿತ್ತು. ಎಂಎಸ್ಸಿ ತರಗತಿಯಲ್ಲಿ ತಪ್ಪಿದ್ದ ಲೆಕ್ಕ ಇಲ್ಲಿ ಸರಿಹೋಯಿತು.

ಇದು ಬೇರೆಯವರು ಐದು ವರ್ಷ ಹಿಂದೆ ಕಂಡದ್ದು. ನಾನು ಮಾಡಿದ್ದು ಮತ್ತೊಮ್ಮೆ ಮಾಡಿ ನೋಡಿದ್ದು. ಆದರೂ ಅವತ್ತು ಬೆಳಗಿನ ತನಕ ನಿದ್ದೆ ಬರಲಿಲ್ಲ. ಮಾವನ ಕುತ್ತಿಗೆಯ ಗಂಟಿನೊಳಗೆ ಮೂರು ವರ್ಷ ನಡೆದದ್ದು ಇದು, ಅಲ್ವಾ? ಆ ಗಂಟು ಟಿಬಿಯದ್ದೂ ಇದ್ದಿರಬಹುದು, ನಮ್ಮ ಕಡೆ ಎರಡೂ ಒಟ್ಟಿಗೆ ಬರುವುದುಂಟು. ಆದರೆ ಒಳಗೆ ಈ ಬೆಂಕಿಯೂ ಇತ್ತು. ನಾವು ಹೊರಗಿನಿಂದ ಸುಮ್ನೆ "ಸೊರಗ್ತಿದಾನೆ" ಎಂದು ಹೇಳುತ್ತಿದ್ದೆವು. ಒಳಗೆ ದಿನಕ್ಕೆ ಸಾವಿರ ಕೋಟಿಯಷ್ಟು ಹೊಸ ವೈರಸ್ ಹುಟ್ಟುತ್ತಿತ್ತು. 1996ರಲ್ಲೇ ಇದನ್ನು ಲೆಕ್ಕ ಹಾಕಿದ್ದಾರೆ. ನಿಧಾನ ಅನ್ನುವುದು ನೋಡುವವರ ಕಣ್ಣಿಗೆ ಮಾತ್ರ.

ಭೇದಿಯ ಕಾರಣವೂ ಆಮೇಲೆ ಅರ್ಥವಾಯಿತು. ಕರುಳಿನ ಗೋಡೆಯಲ್ಲಿ ಸಿಡಿ4 ಕೋಶಗಳ ದೊಡ್ಡ ಗುಂಪೇ ಇರುತ್ತದೆ. ಸೋಂಕಾದ ಮೊದಲ ಕೆಲವು ವಾರಗಳಲ್ಲೇ ಅವುಗಳಲ್ಲಿ ಹೆಚ್ಚಿನವು ಹೋಗಿಬಿಡುತ್ತವೆ. ಆಗ ರೋಗಿಗೆ ಒಂದು ಸಣ್ಣ ಜ್ವರ ಬಂದು ಹೋಗಿರುತ್ತದೆ ಅಷ್ಟೇ. ಕಾವಲು ಹೋದ ಕರುಳು ಸೋರತೊಡಗುತ್ತದೆ. ಒಳಗಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. ದೇಹ ವರ್ಷಗಟ್ಟಲೆ ಎದ್ದೇ ಕೂತಿರಬೇಕಾಗುತ್ತದೆ, ದಣಿಯುತ್ತದೆ. ಆಫ್ರಿಕಾದ ಸೂಟಿ ಮ್ಯಾಂಗಬಿ ಎಂಬ ಕೋತಿಗಳಲ್ಲಿ ಎಚ್‌ಐವಿಯ ದಾಯಾದಿ ಎಸ್‌ಐವಿ ಇದೆ. ರಕ್ತದಲ್ಲಿ ವೈರಸ್ ಬೇಕಾದಷ್ಟು. ಆದರೆ ಅವು ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ಅವುಗಳ ದೇಹ ಶುರುವಿನಲ್ಲಿ ಒಮ್ಮೆ ಎದ್ದು, ಆಮೇಲೆ ತಣ್ಣಗಾಗುತ್ತದೆ. ನಮ್ಮದು ಆಗುವುದಿಲ್ಲ. ಸಿ ಬಗೆಯ ವೈರಸ್ ಗಂಟಿನಲ್ಲಿ ಈ ಬೆಂಕಿಯನ್ನು ಎಷ್ಟು ಜೋರಾಗಿ ಎಬ್ಬಿಸುತ್ತದೆ ಅನ್ನುವುದು ನನ್ನ ಸ್ವಂತ ಪ್ರಶ್ನೆ. ಅದರ ಕೆಲಸ ನಡೆದಿದೆ. ಮುಗಿಯುವ ಮೊದಲು ಹೇಳುವುದು ಸರಿಯಲ್ಲ.

ಈ ಸಲ ಕಕ್ಕಡ ಮಾಸದಲ್ಲಿ ಊರಿಗೆ ಬಂದೆ. ಬಿಡದೆ ಮಳೆ. ಆಟಿ ಸೊಪ್ಪಿನ ಪಾಯಸ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆಗೂ ಎಚ್‌ಐವಿ ಇದೆ. ಮಾವನ ಪರೀಕ್ಷೆ ಆದಾಗಲೇ ಗೊತ್ತಾಗಿತ್ತು. ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ಎಚ್‌ಐವಿ ತಡೆಯುವ ಮಾತ್ರೆ, ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಮಾವ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಆಗೆಲ್ಲ ಸಿಡಿ4 ಎಣಿಕೆ ತೀರ ಇಳಿದವರಿಗೆ ಮೊದಲು ಮಾತ್ರೆ. ಅತ್ತೆಗೆ ಕೆಲವು ವರ್ಷ ಕಳೆದು ಸಿಕ್ಕಿತು. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಇದೆ ಎಂದು ಗೊತ್ತಾದ ಎಲ್ಲರಿಗೂ ಕೊಡುತ್ತಾರೆ. ಗುರುತಿನವರು ನೋಡುತ್ತಾರೆಂದು ಅತ್ತೆ ಇವತ್ತಿಗೂ ಜಿಲ್ಲೆ ದಾಟಿ ಹೋಗಿ ಮಾತ್ರೆ ತರುತ್ತಾರೆ. ಸೋಂಕಿನ ವಿಷಯ ಬೇರೆಯವರಿಗೆ ಹೇಳುವ ಹಾಗಿಲ್ಲ, ಭೇದ ಮಾಡುವ ಹಾಗಿಲ್ಲ ಎಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಕಣ್ಣನ್ನು ಕಾಯ್ದೆ ಮುಚ್ಚಲಾಗುವುದಿಲ್ಲ. ಇದು ನನಗೆ ತುಂಬ ನೋವಿನ ವಿಷಯ.

ಅತ್ತೆ ಈಗ ಗಟ್ಟಿಮುಟ್ಟಾಗಿದ್ದಾರೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಕೊನೆಯ ಸಲ ಮಾಡಿಸಿದಾಗ ವೈರಸ್ ಪತ್ತೆಯಾಗಿಲ್ಲ ಎಂದು ಬಂದಿದೆ. ಹಾಗೆ ಇರುವ ತನಕ ಅವರಿಂದ ಲೈಂಗಿಕವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ. ನಾನು ಎಫಾವಿರೆಂಜ್, ರಾಲ್ಟೆಗ್ರಾವಿರ್ ಸಾಲಿನ ಕತೆ ಹೇಳಿದಾಗ ಅವರು ತಮ್ಮ ಡಬ್ಬಿ ತಂದು ತೋರಿಸಿದರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ.

"ನಂದು ಆ ಮೂರನೇ ಸಾಲಿನ ಜಾತಿದಾ ಮಗಾ? ಹಂಗಾದ್ರೆ ಒಳಗೆ ಸಾಯ್ತಾನೇ ಇರ್ತವಾ?"

ಇಷ್ಟು ಚುರುಕಾದ ಪ್ರಶ್ನೆ ನನ್ನ ಸೆಮಿನಾರಿನಲ್ಲಿ ಯಾರೂ ಕೇಳಿರಲಿಲ್ಲ. ಡೊಲುಟೆಗ್ರಾವಿರ್ ಕೆಲಸ ಮಾಡುವುದು ರಾಲ್ಟೆಗ್ರಾವಿರ್ ಹಾಗೇ. ನಾನು ವಿವರಿಸಿದೆ. ಪ್ಲೇಟ್‌ನಲ್ಲಿ ನಾವು ಮೊದಲೇ ವೈರಸ್ ಕಕ್ಕುತ್ತಿದ್ದ ಕೋಶಗಳನ್ನು ಬೇಕೆಂದೇ ತಂದು ಸುರಿದಿದ್ದೆವು. ನಿಮ್ಮ ಮೈಯಲ್ಲಿ ಮಾತ್ರೆ ದಿನಾ ಇರುವುದರಿಂದ ಅಂಥ ಹೊಸ ಕೋಶ ಹುಟ್ಟುವುದೇ ಇಲ್ಲ. ಹಳೆಯವು ಬೇಗ ಸತ್ತುಹೋಗಿವೆ. ದಾಟಿಸುವವರೇ ಇಲ್ಲದ ಮೇಲೆ ಪಕ್ಕದವರು ಬದುಕುತ್ತಾರೆ.

"ಅಂದ್ರೆ ಬಿಟ್ರೂ ಆಗುತ್ತಾ ಈಗ?"

ಇಲ್ಲ ಅತ್ತೆ, ಎಂದೆ. ಅವರಿಗೆ ಬೋರರ್ ಹುಳ ಗೊತ್ತು. ಅರಾಬಿಕಾ ಕಾಫಿ ಗಿಡದ ಕಾಂಡದೊಳಗೆ ತಿಂಗಳುಗಟ್ಟಲೆ ಕೂತಿರುತ್ತದೆ. ಹೊರಗೆ ಗಿಡ ಹಸಿರಾಗೇ ಇರುತ್ತದೆ. ತೊಗಟೆ ಮೇಲಿನ ಏಣು ನೋಡಿ ಗುರುತು ಹಿಡಿದು, ಕಿತ್ತು ಸುಡುತ್ತೇವೆ. ಎಚ್‌ಐವಿಯೂ ಕೆಲವು ಸಿಡಿ4 ಕೋಶಗಳ ಡಿಎನ್‌ಎಯಲ್ಲಿ ಹೊಲಿದುಕೊಂಡು ಸುಮ್ಮನೆ ಮಲಗಿರುತ್ತದೆ. ಅವಕ್ಕೆ ತೊಗಟೆಯ ಮೇಲೆ ಏಣೂ ಇಲ್ಲ, ಎಲ್ಲ ಕೋಶದ ಹಾಗೇ ಕಾಣುತ್ತವೆ. ಮಲಗಿದ್ದನ್ನು ಮಾತ್ರೆ ಮುಟ್ಟಲಾರದು. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಏಳುತ್ತದೆ. ಅದನ್ನು ಹುಡುಕಿ ತೆಗೆಯುವ ದಾರಿಗೆ ಪ್ರಪಂಚದ ತುಂಬ ಲ್ಯಾಬ್‌ಗಳು ಒದ್ದಾಡುತ್ತಿವೆ.

ಅತ್ತೆ ತಲೆಯಾಡಿಸಿದರು. ಆ ಕೋಶ ಹೇಗಿರುತ್ತೆ ತೋರಿಸು ಎಂದರು. ಫೋನಿನಲ್ಲಿ ಫೋಟೊ ಇತ್ತು. ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು, ಸಾಯುವ ಮುಂಚೆ ಪೂರಿಯ ಹಾಗೆ ಉಬ್ಬಿದ ಕೋಶ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ದಿನಾ ರಾತ್ರಿ ಉಪ್ಪು ಹುರಿದು ಬಟ್ಟೇಲಿ ಕಟ್ಟಿ ಶಾಖ ಕೊಡ್ತಿದ್ದೆ ಆ ಗಂಟಿಗೆ. ಕರಗುತ್ತೇನೋ ಅಂತ" ಎಂದರು. ಆಮೇಲೆ, "ಅದರಿಂದ ಏನಾದ್ರೂ ಜಾಸ್ತಿ ಆಯ್ತಾ ಅವರಿಗೆ?"

ಇಲ್ಲ ಅತ್ತೆ, ಶಾಖದಿಂದ ಏನೂ ಕೆಡುಕಾಗಲಿಲ್ಲ, ಎಂದೆ. ನಿಜವಾಗಲೂ ಅದರಿಂದ ಏನೂ ಆಗಿರಲಿಲ್ಲ. ಅವರು ಫೋನ್ ನನ್ನ ಕೈಗೆ ವಾಪಸು ಕೊಟ್ಟರು.

ಒಂಬತ್ತು ಗಂಟೆಗೆ ಅವರ ಫೋನಿನ ಅಲಾರಂ ಹೊಡೆಯಿತು. ಎದ್ದು ನೀರು ತರಲು ಒಳಗೆ ಹೋದರು. ಬರುವಾಗ ಎರಡು ಲೋಟ ತಂದರು, ಒಂದು ನನಗೆ.